ಗಾಜು ಒಡೆದದ್ದು ಬಿಸಿಲಿನಲ್ಲಿ

ಗುಡ್ಡ ಕಡಿದು ಸಮತಟ್ಟು ಮಾಡಿದ ಜಾಗದಲ್ಲಿ ಒಂದು ಶಾಲೆ. ಶಾಲೆಯ ಹಿಂದೆ ಹೊಸದಾಗಿ ಕಟ್ಟಿದ ಮೂರು ಕೋಣೆ. ಕೋಣೆಗಳ ಹಿಂದೆ ಎರಡಾಳು ಎತ್ತರದ ಕೆಂಪು ಮುರಕಲ್ಲಿನ ಗೋಡೆ, ಗೋಡೆಯ ಹಿಂದೆ ಇಡೀ ಗುಡ್ಡ. ಪಾಣೆಮಂಗಳೂರು ಪೇಟೆಯಿಂದ ಸ್ವಲ್ಪ ಮೇಲೆ ಹತ್ತಿದರೆ ಸಿಗುತ್ತಿದ್ದ ಆ ಮೂರು ಕೋಣೆಗಳಲ್ಲಿ ಒಂದನೇ, ಎರಡನೇ ತರಗತಿಯ ಪುಟ್ಟ ಮಕ್ಕಳನ್ನು ಕೂರಿಸಬೇಕೆಂದು ಶಾಲಾ ಸಮಿತಿಯವರ ಅವಸರ. ಗೋಡೆಗೆ ಅಪಾಯವಿಲ್ಲ ಎಂದು ತಿಳಿದವರು ಬರೆದುಕೊಡದೆ ಕೂರಿಸುವಂತಿಲ್ಲ ಎಂದು ಇಲಾಖೆಯವರು ಹೇಳಿದ್ದರು. ಹಾಗಾಗಿ ಸಮಿತಿಯ ಅಧ್ಯಕ್ಷರು ಮೂಡುಬಿದಿರೆಯ ನಮ್ಮ ಕಾಲೇಜಿಗೆ ಬಂದರು. ನನ್ನ ಗೈಡ್ ಆ ಗೋಡೆಯನ್ನು ನನ್ನ ತಲೆಗೆ ಕಟ್ಟಿದರು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಸಿವಿಲ್ ವಿಭಾಗದಲ್ಲಿ ಪಾಠ ಮಾಡುತ್ತ, ಅದೇ ವಿಭಾಗದ ಹಿರಿಯ ಪ್ರೊಫೆಸರರ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದೆ. ಮಣ್ಣಿನ ಸಂದುಗಳಲ್ಲಿ ಹರಿಯುವ ನೀರು ಮಣ್ಣನ್ನು ಹೇಗೆ ಸರಿಸುತ್ತದೆ, ಸರಿದ ಮಣ್ಣು ತಿರುಗಿ ನೀರನ್ನು ಹೇಗೆ ತಡೆಯುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ. ಬೆಳ್ತಂಗಡಿಯ ನಮ್ಮ ಮನೆಯಲ್ಲಿ ಅಮ್ಮನಿಗೆ ಇದನ್ನು ವಿವರಿಸಿದ್ದು ಹೀಗೆ: ತುರಿದ ಕಾಯಿಯನ್ನು ಬಟ್ಟೆಯಲ್ಲಿ ಕಟ್ಟಿ ಹಿಂಡಿದರೆ ಹಾಲು ಬರುತ್ತದೆ. ಹಾಲು ಬಂದಷ್ಟೂ ಗಂಟು ಕುಗ್ಗುತ್ತದೆ. ಕುಗ್ಗಿದಷ್ಟೂ ಹಾಲು ಹೊರಬರಲು ಕಷ್ಟಪಡುತ್ತದೆ. ಹಾಲನ್ನೇ ಬೇರೆ, ಗಂಟನ್ನೇ ಬೇರೆ ಲೆಕ್ಕ ಹಾಕಿದರೆ ತಪ್ಪಾಗುತ್ತದೆ, ಎರಡನ್ನೂ ಒಟ್ಟಿಗೇ ಬಿಡಿಸಬೇಕು. ಅಮ್ಮ ಕೇಳಿ, "ಇದಕ್ಕೆ ಸರಕಾರ ಸಂಬಳ ಕೊಡ್ತದಾ?" ಎಂದರು. ಕೊಡುವುದು ಸರಕಾರವಲ್ಲ, ಕಾಲೇಜು ಎಂದೆ.

ಮೊದಲು ಮಣ್ಣು. ನಮ್ಮ ಕಡೆ ಮುರಕಲ್ಲಿನ ಪದರದ ಕೆಳಗೆ ಶೇಡಿ ಎಂಬ ಬಿಳಿ ಜೇಡಿಮಣ್ಣು ಇರುತ್ತದೆ. ಬೇಸಗೆಯಲ್ಲಿ ಹಾರೆಗೂ ಜಗ್ಗುವುದಿಲ್ಲ, ನೀರು ಕುಡಿದರೆ ಬೆಣ್ಣೆಯಾಗುತ್ತದೆ. ಮಳೆ ಹಿಡಿಯುವ ಮೊದಲೇ ಗುಡ್ಡದಿಂದ ಶೇಡಿಯ ಮಾದರಿ ತೆಗೆದು, ಮೇಣ ಹಚ್ಚಿ, ಸಿದ್ದಕಟ್ಟೆ ದಾರಿಯ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಮೂಡುಬಿದಿರೆಗೆ ತಂದೆ. ಕಂಡಕ್ಟರ್ "ಎಂತ ಮೇಡಂ, ಜೋನಿಬೆಲ್ಲವಾ?" ಎಂದು ಕೇಳಿದ. ಲ್ಯಾಬಿನಲ್ಲಿ ಅದರ ಮೂಲಕ ನೀರು ಎಷ್ಟು ವೇಗದಲ್ಲಿ ಇಳಿಯುತ್ತದೆ ಎಂದು ಅಳೆದೆ. ಈ ಗುಣಕ್ಕೆ ಪರ್ಮಿಯಬಿಲಿಟಿ ಎನ್ನುತ್ತಾರೆ. ಅಳೆದದ್ದನ್ನೇ ಮತ್ತೆ ಅಳೆದೆ, ಬೇರೆ ಮಾದರಿ ತಂದು ಮತ್ತೂ ಅಳೆದೆ. ಅಂಕಿ ಬಹಳ ಸಣ್ಣದು, ಆದರೆ ಪ್ರತಿ ಸಲವೂ ಹತ್ತಿರ ಹತ್ತಿರ ಅದೇ ಬಂತು. ಆ ಅಂಕಿ ನನ್ನದಾಯಿತು.

ನಂತರ ಗುಡ್ಡದಲ್ಲಿ ಎರಡು ಕಡೆ ತೂತು ಕೊರೆಸಿ ಪಿವಿಸಿ ಕೊಳವೆ ಇಳಿಸಿದೆವು. ಒಂದು ಗುಡ್ಡದ ನೆತ್ತಿಯಲ್ಲಿ, ಇನ್ನೊಂದು ಗೋಡೆಯ ಹಿಂದೆಯೇ. ಕೊಳವೆಯಲ್ಲಿ ನೀರು ಎಷ್ಟು ಎತ್ತರಕ್ಕೆ ನಿಲ್ಲುತ್ತದೋ ಅಷ್ಟು ಒತ್ತಡ ಆ ಜಾಗದ ಮಣ್ಣಿನೊಳಗೆ ಇದೆಯೆಂದು ಅರ್ಥ. ಮೇಲಿನಿಂದ ಮಳೆನೀರು ನುಗ್ಗಬಾರದೆಂದು ಎರಡು ಕೊಳವೆಗಳ ಸುತ್ತಲೂ ನಾನೇ ಜೇಡಿಯ ಉಂಡೆ ತುಂಬಿ ಬಿಗಿಮಾಡಿದ್ದೆ.

ಇನ್ನು ಕಂಪ್ಯೂಟರ್. ವಿಭಾಗಕ್ಕೆ ಒಂದು ಪೆಂಟಿಯಂ ಬಂದಿತ್ತು, ಅದಕ್ಕೆ ಒಂದು ಹೊದಿಕೆ, ಹೊದಿಕೆಗೆ ಒಬ್ಬ ಕಾವಲುಗಾರ. ಫೋರ್ಟ್ರಾನಿನಲ್ಲಿ ಪ್ರೋಗ್ರಾಂ ನಾನೇ ಬರೆದದ್ದು. ಗುಡ್ಡದ ಅಡ್ಡಕೊಯ್ತದ ಚಿತ್ರವನ್ನು ಸಣ್ಣ ಸಣ್ಣ ತುಂಡು ಮಾಡಿ, ಒಂದೊಂದು ತುಂಡಿಗೂ ಮಣ್ಣು ಎಷ್ಟು ಸರಿಯಿತು, ನೀರು ಎಷ್ಟು ಒತ್ತಿತು ಎಂದು ಬಿಡಿಸಬೇಕು. ಮೊದಲ ಸಲ ಓಡಿಸಿದಾಗ ಉತ್ತರ ನೋಡಿ ಅಳು ಬಂತು. ಒಂದು ತುಂಡಿನಲ್ಲಿ ಒತ್ತಡ ಆಕಾಶಕ್ಕೆ, ಪಕ್ಕದ್ದರಲ್ಲಿ ಪಾತಾಳಕ್ಕೆ. ಕಾಲದ ಹೆಜ್ಜೆ ಸಣ್ಣದು ಮಾಡಿದರೆ ಲೆಕ್ಕ ಸರಿಯಾಗುತ್ತದೆ ಎಂದುಕೊಂಡು ಸಣ್ಣದು ಮಾಡಿದೆ, ಇನ್ನಷ್ಟು ಕೆಟ್ಟಿತು. ಮತ್ತೂ ಸಣ್ಣದು ಮಾಡಿದೆ, ಹುಚ್ಚೇ ಹಿಡಿಯಿತು. ಕರೆಂಟು ಬೇರೆ ಹೋಗುತ್ತಿತ್ತು, ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಕೊನೆಗೆ ತಿಳಿದದ್ದೇನೆಂದರೆ, ಶೇಡಿಯಂಥ ಬಿಗಿ ಮಣ್ಣಿನಲ್ಲಿ ತುಂಡುಗಳು ದೊಡ್ಡದಾಗಿದ್ದು ಹೆಜ್ಜೆ ತೀರಾ ಸಣ್ಣದಾದರೆ ಹೀಗೆಯೇ ಆಗುತ್ತದೆ. ಆ ಹೆಜ್ಜೆಯಲ್ಲಿ ನೀರು ಒಂದು ತುಂಡನ್ನೂ ದಾಟಿರುವುದಿಲ್ಲ, ಲೆಕ್ಕಕ್ಕೆ ಹಿಡಿಯಲು ಏನೂ ಇರುವುದಿಲ್ಲ. ಗೋಡೆಯ ಹತ್ತಿರ ತುಂಡುಗಳನ್ನು ಕಿರಿದು ಮಾಡಿ, ಹೆಜ್ಜೆ ದೊಡ್ಡದು ಮಾಡಿದೆ. ಮಣ್ಣು ಸರಿದದ್ದನ್ನು ನೀರಿನ ಒತ್ತಡಕ್ಕಿಂತ ಹೆಚ್ಚು ಬಿಂದುಗಳಲ್ಲಿ ಲೆಕ್ಕ ಹಾಕುವಂತೆ ಪ್ರೋಗ್ರಾಂ ಮತ್ತೆ ಬರೆದೆ. ಒತ್ತಡ ತೆಪ್ಪಗಾಯಿತು.

ಅಷ್ಟರಲ್ಲಿ ಆಷಾಢದ ಮಳೆ ಜಡಿಯುತ್ತಿತ್ತು. ಪಾಠವಿಲ್ಲದ ದಿನಗಳಲ್ಲಿ ಬಸ್ಸು ಹಿಡಿದು ಹೋಗಿ, ಟೇಪಿನ ತುದಿಗೆ ಸೀಸದ ಗುಂಡು ಕಟ್ಟಿ ಕೊಳವೆಗಳಲ್ಲಿ ನೀರು ಅಳೆದು ಬರುತ್ತಿದ್ದೆ. ಅಳತೆಯನ್ನು ಲೆಕ್ಕದ ಪಕ್ಕ ಇಟ್ಟರೆ ಎರಡಕ್ಕೂ ಸಂಬಂಧವೇ ಇಲ್ಲ. ನೆತ್ತಿಯ ಕೊಳವೆಯಲ್ಲಿ ಲೆಕ್ಕ ಹೇಳಿದ್ದಕ್ಕಿಂತ ನೀರು ಎಷ್ಟೋ ಕೆಳಗೆ. ಗೋಡೆಯ ಹಿಂದಿನದರಲ್ಲಿ ಎಷ್ಟೋ ಮೇಲೆ.

ಗೈಡ್ ಗ್ರಾಫನ್ನು ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಶೇಡಿಯ ಪರ್ಮಿಯಬಿಲಿಟಿ ನೂರು ಪಟ್ಟು ಹೆಚ್ಚಿಸಿ ನೋಡಮ್ಮ. ನೆತ್ತಿಯದು ಸರಿಹೊಂದುತ್ತದೆ."

"ಗೋಡೆಯ ಹಿಂದಿನದು ಸರ್?"

"ಅದಕ್ಕೆ ಮೇಲಿನ ಮಳೆನೀರು ಸೇರಿರುತ್ತದೆ. ಬಿಟ್ಟುಬಿಡು."

"ಸೇರುವುದಿಲ್ಲ ಸರ್. ನಾನೇ ಬಿಗಿ ಮಾಡಿದ್ದೇನೆ. ಆ ಅಂಕಿಯನ್ನೂ ನಾನೇ ಅಳೆದದ್ದು."

"ಕೈಮುಷ್ಟಿಯಷ್ಟು ಮಾದರಿಗೆ ಇಡೀ ಗುಡ್ಡದ ಗುಣ ಗೊತ್ತಿರುತ್ತದೆಯೇ? ನಿನ್ನ ಲೆಕ್ಕ ಕೂಡಿಬರುತ್ತಿಲ್ಲ, ನೀನು ಗುಡ್ಡವನ್ನು ದೂರುತ್ತಿದ್ದೀ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ."

ಮಾದರಿಯ ಬಗ್ಗೆ ಅವರು ಹೇಳಿದ್ದು ಸುಳ್ಳಲ್ಲ. ಆದರೆ ಆ ಗಾದೆ ನನಗೆ ಉರಿ ಹತ್ತಿಸಿತು. ಕಂಪ್ಯೂಟರಿಗೆ ಹೋಗಿ ಅವರು ಹೇಳಿದಂತೆಯೇ ಓಡಿಸಿ ನೋಡಿದೆ. ನೂರು ಪಟ್ಟು ಹೆಚ್ಚಿಸಿದರೆ ಗುಡ್ಡದಲ್ಲಿ ನೀರು ನಿಲ್ಲುವುದೇ ಇಲ್ಲ, ಒತ್ತಡ ಏರುವುದಿಲ್ಲ, ಗೋಡೆ ಕೂದಲೆಳೆಯಷ್ಟೂ ಅಲುಗುವುದಿಲ್ಲ. ಎಲ್ಲ ಸುರಕ್ಷಿತ. ನಾಳೆಯೇ ಮಕ್ಕಳನ್ನು ಕೂರಿಸಬಹುದು. ಒಂದು ಅಂಕಿ ತಿದ್ದಿದರೆ ಗೋಡೆಯೂ ನಿಲ್ಲುತ್ತದೆ, ಪಿಎಚ್.ಡಿ.ಯೂ ಮುಗಿಯುತ್ತದೆ. ನನಗೆ ಭಯವಾದದ್ದು ಆಗಲೇ. ಅಂಕಿಯನ್ನು ಮೊದಲಿದ್ದಂತೆ ಮಾಡಿ ಯಂತ್ರ ಆರಿಸಿದೆ. ನೆಲವೇ ಡೊಂಕಾಗಿದ್ದರೆ ಏನು ಮಾಡುವುದು?

ಎರಡು ಅಳತೆಗಳನ್ನು ಮತ್ತೆ ನೋಡಿದೆ. ಮೇಲೆ ಇರಬೇಕಾದ ನೀರು ಕೆಳಗಿದೆ, ಕೆಳಗೆ ಇರಬೇಕಾದದ್ದು ಮೇಲಿದೆ. ಎರಡರ ಮಟ್ಟವೂ ಸುಮಾರು ಒಂದೇ. ಬಿಗಿ ಶೇಡಿಯೊಳಗೆ ಅಷ್ಟು ದೂರದ ಎರಡು ಕೊಳವೆಗಳು ಹೀಗೆ ಮಟ್ಟ ಹಂಚಿಕೊಳ್ಳಬೇಕಾದರೆ ನಡುವೆ ಒಂದು ದಾರಿ ಇರಲೇಬೇಕು. ಅದರ ಕೆಳತುದಿ ಮುಚ್ಚಿರಬೇಕು, ಇಲ್ಲವಾದರೆ ನೀರು ಹೊರಗೆ ಹರಿದುಹೋಗುತ್ತಿತ್ತು. ಲೆಕ್ಕ ಹೇಳುತ್ತಿದ್ದದ್ದು ಇಷ್ಟು: ಗುಡ್ಡದೊಳಗೆ ಏನೋ ಇದೆ.

ಮರುದಿನ ಬಿ.ಸಿ.ರೋಡಿನಲ್ಲಿ ಬಸ್ಸಿಳಿದು ಸೀದಾ ಗೋಡೆಯ ಪಕ್ಕದ ಮನೆಗೆ ಹೋದೆ. ಗುಡ್ಡ ಒಂದು ಕಾಲದಲ್ಲಿ ಆ ಮನೆಯವರದೇ, ಶಾಲೆಗೆ ಮಾರಿದ್ದರು. ಮನೆಯ ಹಿರಿಯಾಕೆ ಬೇಸಗೆಯಿಡೀ ಕಡಲಾಚೆ ದಮಾಮಿನಲ್ಲಿ ಮಗನ ಮನೆಯಲ್ಲಿದ್ದು ಆ ವಾರವಷ್ಟೇ ಬಂದಿದ್ದರು. ಹಜ್ ಮಾಡಿ ಬಂದವರು, ಊರೆಲ್ಲ ಅವರನ್ನು ಹಾಜುಮ್ಮ ಎನ್ನುತ್ತಿತ್ತು. ಪೇಟೆಯಲ್ಲಿ ಬಟ್ಟೆಯಂಗಡಿ ನಡೆಸಿದವರು, ಮೆಲ್ಲಗೆ ಮಾತಾಡಿ ಗೊತ್ತಿಲ್ಲ. ನಾನು ಗುಡ್ಡದೊಳಗೆ ಎಂತದಾದರೂ ಉಂಟಾ ಎಂದು ಕೇಳುವ ಮೊದಲೇ ಅವರು ಶುರುಮಾಡಿದರು.

"ನೀನು ಶಾಲೆ ಕಡೆಯವಳಾ? ನನ್ನ ನೀರು ಎಲ್ಲಿ? ಮಾಡಿನಡಿಯ ತೊಟ್ಟಿ ನೋಡು, ಪಾಚಿ ಒಣಗಿ ಕೂತಿದೆ! ಇಂಥಾ ಮಳೆಗೆ ಒಂದು ಹನಿ ಇಲ್ಲ!"

"ಯಾವ ನೀರು ಹಾಜುಮ್ಮ?"

"ಸುರಂಗದ್ದು! ನಮ್ಮ ಮಾವ ತೋಡಿಸಿದ ಸುರಂಗ. ಅಡಿಕೆಮರದ ದಂಬೆಯಲ್ಲಿ ನೀರು ಇಲ್ಲಿಗೇ ಬಂದು ಬೀಳ್ತಿತ್ತು. ಜಾಗ ಮಾರಿದ್ದು ಹೌದು, ನೀರು ಮಾರ್ಲಿಲ್ಲ."

ನಾನು ಅಲ್ಲೇ ಮೆಟ್ಟಿಲಲ್ಲಿ ಕುಳಿತುಬಿಟ್ಟೆ. ಗುಡ್ಡದ ಬುಡದಿಂದ ಒಳಗೆ, ಆಳು ಬಗ್ಗಿ ಹೋಗುವಷ್ಟು ಅಗಲಕ್ಕೆ ತೋಡಿದ ಅಡ್ಡಬಾವಿ ಅದು. ನಮ್ಮ ಕಡೆ ಇದು ಹೊಸತಲ್ಲ. ಆದರೆ ಗೋಡೆಯ ನಕ್ಷೆಯಲ್ಲಿ ಸುರಂಗವಿರಲಿಲ್ಲ, ನನಗೆ ಯಾರೂ ಹೇಳಿರಲೂ ಇಲ್ಲ.

ಶಾಲೆಯ ಅಂಗಳದಲ್ಲೇ ಇದ್ದ ಕಂಟ್ರಾಕ್ಟರನ್ನು ಕೇಳಿದೆ. ಆತ ಬೀಡಿ ಆರಿಸಿ ನಿರಾಳವಾಗಿ ಹೇಳಿದ. "ಅದಾ? ಮಕ್ಕಳು ಒಳಗೆ ಹೋದ್ರೆ ಕಷ್ಟ ಅಲ್ವಾ? ಹಾವು ಬೇರೆ. ಬಾಯಿಗೆ ಕಲ್ಲು ತುಂಬಿಸಿ ಕಾಂಕ್ರೀಟ್ ಹೊಡ್ದು ಅದರ ಮೇಲೆಯೇ ಗೋಡೆ ಏರಿಸಿದ್ದೇವೆ. ಒಳ್ಳೇ ಗಟ್ಟಿ ಉಂಟು."

"ನೀರು ಎಲ್ಲಿ ಹೋಗ್ಬೇಕು ಮಾರಾಯ್ರೆ?"

"ಬೇಸಗೆಯಲ್ಲಿ ಎಂತ ನೀರು? ಬೆರಳಷ್ಟು ಇತ್ತು."

ಮಕ್ಕಳಿಗೆ ಅಪಾಯವೆಂದೇ ಮುಚ್ಚಿದ್ದು. ಬೈಯುವುದಾದರೂ ಹೇಗೆ?

ಸುರಂಗವನ್ನು ಲೆಕ್ಕದೊಳಗೆ ಸೇರಿಸಿದೆ. ಇಲ್ಲೊಂದು ತೊಡಕಿತ್ತು. ನನ್ನದು ಗುಡ್ಡದ ಒಂದು ಅಡ್ಡಕೊಯ್ತದ ಲೆಕ್ಕ, ಅದರಲ್ಲಿ ಸುರಂಗ ಬರೆದರೆ ಅದು ತೂತಾಗಿ ಉಳಿಯದೆ ಗೋಡೆಯುದ್ದಕ್ಕೂ ಹರಡಿದ ಸೀಳಾಗಿಬಿಡುತ್ತದೆ. ಅಷ್ಟು ಪ್ರಬಲವಾಗದಂತೆ ಅದರ ಹರಿವನ್ನು ಇಳಿಸಿ, ಹೆಚ್ಚೆಂದರೆ ಹೀಗೆ, ಕಡಿಮೆಯೆಂದರೆ ಹೀಗೆ ಎಂದು ಎರಡು ತುದಿ ಹಿಡಿದು ಓಡಿಸಿದೆ. ಶೇಡಿಯ ಅಂಕಿಯನ್ನು ಮುಟ್ಟಲಿಲ್ಲ. ಎರಡೂ ಕೊಳವೆಗಳ ಅಳತೆ ಆ ಎರಡು ತುದಿಗಳ ನಡುವೆ ಬಂದು ಕೂತಿತು.

ಲೆಕ್ಕದೊಳಗಿನ ಗೋಡೆ ಮಾತ್ರ ಕೂರಲಿಲ್ಲ. ಸುರಂಗದ ಬಾಯಿಯ ಎದುರು, ಸೊಂಟದ ಎತ್ತರದಲ್ಲಿ, ಅದು ಮುಂದಕ್ಕೆ ಉಬ್ಬುತ್ತಿತ್ತು. ಇನ್ನೂ ವಿಚಿತ್ರವೆಂದರೆ ಮಳೆ ನಿಲ್ಲಿಸಿದ ಮೇಲೂ ಉಬ್ಬು ಹೆಚ್ಚುತ್ತಲೇ ಹೋಯಿತು. ಶೇಡಿ ಕುಡಿದ ನೀರನ್ನು ತಡವಾಗಿ, ಸ್ವಲ್ಪ ಸ್ವಲ್ಪವೇ ಸುರಂಗಕ್ಕೆ ಬಿಡುತ್ತದೆ. ಮಳೆ ನಿಂತರೂ ಮರದ ಹನಿ ನಿಲ್ಲುವುದಿಲ್ಲವಲ್ಲ, ಹಾಗೆ. ಎಲ್ಲರೂ ಮಳೆಯಲ್ಲಿ ಗೋಡೆ ನೋಡಿ ಹೆದರಿ, ಬಿಸಿಲು ಬಂದಾಗ ಉಸ್ಸೆಂದು ಮಕ್ಕಳನ್ನು ಒಳಗೆ ಕೂರಿಸುವ ಹೊತ್ತಿಗೆ ಒತ್ತಡ ಮೇಲಿರುತ್ತದೆ.

ಗೈಡೂ ಬಂದಿದ್ದ ಸಮಿತಿಯ ಸಭೆಯಲ್ಲಿ ಇದನ್ನೇ ಹೇಳಿದೆ. ಅಧ್ಯಕ್ಷರು ಎರಡು ಹೋಟೆಲು ನಡೆಸಿದವರು, ಶಾಲೆಗಾಗಿ ಕೈಯಿಂದ ಖರ್ಚು ಮಾಡಿದವರು, ಕೆಟ್ಟವರಲ್ಲ. ಆದರೆ ನನ್ನ ಬಣ್ಣದ ಚಿತ್ರಗಳನ್ನು ನೋಡಿ ನಕ್ಕರು.

"ಮೇಡಂ, ಕಂಪ್ಯೂಟರಿನಲ್ಲಿ ಗೋಡೆ ಬೀಳ್ತದೆ ಅಂತ ನಾನು ಇಲ್ಲಿ ಗೋಡೆ ಒಡೀಬೇಕಾ? ಜನ ನಗ್ತಾರೆ."

"ಒಡೆಯುವುದು ಬೇಡ. ಒಂದು ತೂತು ಸಾಕು."

"ಹೊಸ ಗೋಡೆಗೆ ತೂತಾ! ನಿಮ್ಮ ಪ್ರೊಫೆಸರೇ ಸೇಫ್ ಅಂತಿದ್ದಾರಲ್ಲ?"

ನಾನು ಗೈಡ್ ಕಡೆ ನೋಡಿದೆ. ಅವರು, ಸುರಂಗವನ್ನು ಸೀಳಾಗಿ ಬರೆದ ಲೆಕ್ಕ ಅಷ್ಟು ನಂಬತಕ್ಕದ್ದಲ್ಲ, ಎರಡು ಅಭಿಪ್ರಾಯಕ್ಕೆ ಎಡೆಯಿದೆ ಎಂದರು. ಅದೂ ನ್ಯಾಯವಾದ ಮಾತೇ. ನ್ಯಾಯವಾದ ಮಾತಿನ ಕೆಳಗೇ ಮಕ್ಕಳು ಸಾಯುವುದು ಎಂದು ಬಾಯಿಗೆ ಬಂತು, ನುಂಗಲಿಲ್ಲ, ಹೇಳಿಬಿಟ್ಟೆ.

"ನನ್ನ ಲೆಕ್ಕ ಸುಳ್ಳಾದರೆ ಇಲ್ಲೇ ಗೊತ್ತಾಗಲಿ," ಎಂದು ಮುಂದುವರಿಸಿದೆ. "ಗೋಡೆಯಲ್ಲಿ ಎರಡು ಕೂದಲೆಳೆ ಬಿರುಕು ಉಂಟು. ಮೇಲೊಂದು, ಸೊಂಟದ ಎತ್ತರದಲ್ಲೊಂದು. ಎರಡಕ್ಕೂ ಅಡ್ಡಲಾಗಿ ಕಿಟಕಿ ಗಾಜಿನ ಪಟ್ಟಿ ಅಂಟಿಸ್ತೇನೆ. ಗೋಡೆ ಅಲುಗಿದರೆ ಗಾಜು ಒಡೀತದೆ. ಮೇಲಿನದು ಒಡೆಯುವುದಿಲ್ಲ. ಕೆಳಗಿನದು ಒಡೀತದೆ, ಅದೂ ಮಳೆ ಬಿಟ್ಟ ಮೇಲೆ. ಅಲ್ಲಿವರೆಗೆ ಆ ಕೋಣೆಗಳಿಗೆ ಬೀಗ ಇರಲಿ. ಗಾಜು ಒಡೆಯದಿದ್ದರೆ ನೀವು ಹೇಳಿದ ಕಾಗದಕ್ಕೆ ನಾನೇ ಸಹಿ ಹಾಕ್ತೇನೆ, ಪಿಎಚ್.ಡಿ.ಯನ್ನೂ ಬಿಡ್ತೇನೆ."

ಗಾಜಿನ ಪಟ್ಟಿಗೆ ಖರ್ಚಿಲ್ಲ ಎಂದು ಅಧ್ಯಕ್ಷರು ಒಪ್ಪಿದರು. ಕಂಟ್ರಾಕ್ಟರ್ ಮೇಲಿನ ಬಿರುಕಿನ ಬಗ್ಗೆ ಮಾತ್ರ ಹೆದರಿದ್ದ. ಕೆಳಗಿನದು ಸಾರಣೆ ಒಣಗಿ ಬಂದದ್ದು ಎಂದ.

ಮಳೆ ಇನ್ನೂ ಕೆಲವು ದಿನ ಸುರಿಯಿತು. ಎರಡೂ ಗಾಜು ಗಟ್ಟಿ. ದಿನಾ ಅಧ್ಯಕ್ಷರ ಫೋನು ವಿಭಾಗಕ್ಕೆ ಬರುತ್ತಿತ್ತು: "ನಿಮ್ಮ ಗಾಜು ಸುಖವಾಗುಂಟು ಮೇಡಂ!" ಸ್ಟಾಫ್‌ರೂಮಿನಲ್ಲಿ ನನ್ನನ್ನು ಗಾಜಿನ ಮೇಡಂ ಎಂದು ಕರೆಯತೊಡಗಿದ್ದರು. ಆಮೇಲೆ ಮಳೆ ಹೊಳವಾಯಿತು, ಚುರುಕು ಬಿಸಿಲು ಬಂತು. ಒಂದು ದಿನ ಕಳೆಯಿತು, ಗಾಜು ಒಡೆಯಲಿಲ್ಲ. ಮತ್ತೊಂದು ದಿನವೂ ಇಲ್ಲ. ಲೆಕ್ಕವನ್ನು ಮತ್ತೆ ಓಡಿಸಿದೆ, ಅದೇ ಉತ್ತರ. ಗೋಡೆ ಅಲುಗದಿರಲಿ ಎಂದು ಬೇಡಬೇಕಾದವಳು ಅಲುಗಲಿ ಎಂದು ಕಾಯುತ್ತಿದ್ದೇನಲ್ಲ ಎಂದು ನಾಚಿಕೆಯೂ ಆಯಿತು.

ಸೋಮವಾರ ಕೋಣೆಗಳ ಬೀಗ ತೆಗೆಯುವುದೆಂದು ಸಮಿತಿ ತೀರ್ಮಾನಿಸಿತು. ಶನಿವಾರ ಮಧ್ಯಾಹ್ನ ನಾನು ಅಲ್ಲಿಗೆ ಹೋದೆ. ಹಾಜುಮ್ಮ ಛತ್ರಿ ಬಿಡಿಸಿ ಬಿಸಿಲಲ್ಲಿ ಗೋಡೆಯ ಹತ್ತಿರ ನಿಂತಿದ್ದರು, ಯಾರನ್ನೋ ಕಾಯುವವರ ಹಾಗೆ.

"ಬಾ ಮೋಳೇ, ಬಾ ಮಗಳೇ. ಬೆಳಿಗ್ಗೆ ಟಪ್ ಅಂತ ಒಂದು ಶಬ್ದ ಬಂತು. ನಾನು ಯಾರನ್ನೂ ಹತ್ತಿರ ಬಿಡ್ಲಿಲ್ಲ."

ಮೇಲಿನ ಗಾಜು ಹಾಗೇ ಇತ್ತು. ಕೆಳಗಿನದು ನಡುವೆ ಎರಡು ತುಂಡು. ಮುಟ್ಟಿ ನೋಡಿದೆ, ಬಿಸಿಲಿಗೆ ಬಿಸಿಯಾಗಿತ್ತು. ಗೆದ್ದೆ ಎನಿಸಲಿಲ್ಲ. ಗೋಡೆಯ ಹಿಂದೆ ಎಷ್ಟು ನೀರು ನಿಂತು ನನ್ನ ಕಡೆ ನೋಡುತ್ತಿದೆಯೋ ಎಂದುಕೊಂಡು ಎರಡು ಹೆಜ್ಜೆ ಹಿಂದೆ ಸರಿದೆ.

ಸುದ್ದಿ ತಿಳಿದು ಅಧ್ಯಕ್ಷರು ಕಂಟ್ರಾಕ್ಟರನ್ನು ಕರೆದುಕೊಂಡು ಓಡಿಬಂದರು. ಒಡೆದ ಗಾಜು ನೋಡಿದವರೇ ಕಂಟ್ರಾಕ್ಟರಿಗೆ "ಗೋಡೆ ಈಗಲೇ ಒಡೆದು ಹಾಕು!" ಎಂದು ಕೂಗಿದರು. ಈಗ ನಾನು ಅದಕ್ಕೂ ಅಡ್ಡ ನಿಂತೆ. ಒಮ್ಮೆಲೇ ನೀರು ಬಿಟ್ಟರೆ ಶೇಡಿಯೊಳಗಿನ ಒತ್ತಡ ಅಷ್ಟೇ ಬೇಗ ಇಳಿಯುವುದಿಲ್ಲ, ಮುಂದಿನ ಆಧಾರ ತಪ್ಪಿ ಗುಡ್ಡವೇ ಹಿಂದಿನಿಂದ ಬರಬಹುದು. ಒಂದು ಸಣ್ಣ ತೂತು, ಅದಕ್ಕೆ ಕೊಳವೆ, ಕೊಳವೆಗೆ ವಾಲ್ವ್, ಅಷ್ಟೇ ಎಂದೆ.

"ಬೇಡ ಅಂದ್ರೂ ಒಪ್ಪುದಿಲ್ಲ, ಒಪ್ಪಿದ್ರೂ ಬೇಡ ಅಂತೀರಲ್ಲ ಮಾರಾಯ್ರೆ ನೀವು!"

"ಹೌದು. ಇನ್ನು ನಾನು ಹೇಳಿದ ಹಾಗೆ ಮಾಡುವ."

ಭಾನುವಾರ ಸುರಂಗದ ಬಾಯಿಯ ಎದುರು ಗೋಡೆ ಕೊರೆದರು. ಮೊದಲು ಬಿಳಿ ಕೆಸರು ಉಗುಳಿತು, ಆಮೇಲೆ ಕೆಂಪು ನೀರು, ಸಂಜೆ ಹೊತ್ತಿಗೆ ತಿಳಿ. ವಾಲ್ವನ್ನು ಸ್ವಲ್ಪ ಸ್ವಲ್ಪವೇ ತೆರೆದೆವು. ಗೈಡ್ ಕರೆಯದೆಯೇ ಬಂದಿದ್ದರು. ಪ್ಯಾಂಟು ಮಡಚಿ, ಗುಡ್ಡದ ನೆತ್ತಿಗೆ ಹತ್ತಿ, ನನ್ನ ಕೈಯಿಂದ ಟೇಪು ತೆಗೆದುಕೊಂಡು ತಾವೇ ಅಳೆದರು. ನೀರು ಲೆಕ್ಕ ಹೇಳಿದ ದಾರಿಯಲ್ಲೇ ಇಳಿಯುತ್ತಿತ್ತು. ತಿರುಗಿ ಬರುವಾಗ ಬಸ್ಸಿನಲ್ಲಿ ಅವರು, "ಆ ಅಂಕಿಯನ್ನು ಹಾಗೇ ಇಡು" ಎಂದರು. ಇಟ್ಟಿದ್ದೇನೆ ಸರ್ ಎಂದೆ.

ಮಳೆಗಾಲ ಮುಗಿಯುವ ಮೊದಲೇ ವಾಲ್ವ್ ತೆಗೆದು, ಕೊಳವೆಯನ್ನು ಬಾಯಿ ತೆರೆದೇ ಬಿಟ್ಟೆವು. ಅಲ್ಲಿಂದ ದಂಬೆ ಇಟ್ಟು ನೀರನ್ನು ಹಾಜುಮ್ಮನ ತೊಟ್ಟಿಗೆ ಸೇರಿಸಿದರು. ಗೋಡೆ ಅಲ್ಲಿಗೇ ನಿಂತಿತು. ಅಂಟಿಸಿದ ಹೊಸ ಗಾಜು ಒಡೆಯಲಿಲ್ಲ. ನಾನು ಕಾಗದಕ್ಕೆ ಸಹಿ ಹಾಕಿದೆ, ಕೊಳವೆ ಸದಾ ತೆರೆದಿರತಕ್ಕದ್ದು ಎಂಬ ಷರತ್ತು ಬರೆದು.

ಕೋಣೆಗಳ ಉದ್ಘಾಟನೆಗೆ ರೇಷ್ಮೆ ಸೀರೆ ಉಟ್ಟು ಹೋಗಿದ್ದೆ. ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಹಿಂದಿನ ಹೊಸ ಕೋಣೆಗಳಲ್ಲಿ ಮಕ್ಕಳು ಆಗಲೇ ಕೂತು ಗಲಾಟೆ ಮಾಡುತ್ತಿದ್ದರು. ಗೋಡೆ ನಿಂತದ್ದು ಒಳ್ಳೇ ಸಿಮೆಂಟಿನಿಂದ ಎಂದು ಒಬ್ಬರು ಭಾಷಣ ಮಾಡಿದರು, ಕಂಟ್ರಾಕ್ಟರಿಗೆ ಶಾಲು ಹೊದಿಸಿದರು. ಹೊದಿಸಲಿ. ಅಧ್ಯಕ್ಷರು ಮೈಕಿಗೆ ಬಂದು ಮಾತಾಡುತ್ತಿರುವಾಗ ನನಗೆ ಏನೋ ಇಲ್ಲವೆನಿಸಿತು. ಕೊಳವೆಯಿಂದ ದಂಬೆಗೆ ನೀರು ಬೀಳುವ ಸದ್ದಿಲ್ಲ.

ಎದ್ದು ಹಿಂದೆ ಹೋದೆ. ದಂಬೆಯಿಂದ ತುಳುಕುವ ನೀರಿಗೆ ಅತಿಥಿಗಳ ಚಪ್ಪಲಿ ಕೆಸರಾಗಬಾರದೆಂದು ಯಾರೋ ಕೊಳವೆಯ ಬಾಯಿಗೆ ಗೋಣಿ ಸುತ್ತಿದ ಮರದ ಬೆಣೆ ಜಡಿದಿದ್ದರು. ಇವತ್ತೊಂದು ದಿನಕ್ಕೆ ಎಂದೇ ಜಡಿದಿರಬೇಕು. ನಮ್ಮ ಊರಿನಲ್ಲಿ ಒಂದು ದಿನಕ್ಕೆ ಎಂದು ಹಾಕಿದ ಚಪ್ಪರಕ್ಕೆ ಮೊಮ್ಮಕ್ಕಳು ಸೋಗೆ ಹೊದಿಸುತ್ತಾರೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈಯಲ್ಲಿ ಬೆಣೆ ಹಿಡಿದು, ಕಾಲನ್ನು ಗೋಡೆಗೆ ಕೊಟ್ಟು ಎಳೆದೆ. ಬಂತು. ನೀರು ಎದೆಗೇ ಹೊಡೆಯಿತು, ತಲೆಯಿಂದ ಕಾಲಿನವರೆಗೆ ತೊಯ್ದುಹೋದೆ. ಕಿಟಕಿಯಲ್ಲಿ ಮಕ್ಕಳು ಕೇಕೆ ಹಾಕಿ ನಕ್ಕರು.

ಹಾಗೇ ನೀರು ಸುರಿಸುತ್ತ ಬಂದು, ಬೆಣೆಯನ್ನು ಮಡಿಲಲ್ಲಿಟ್ಟುಕೊಂಡು, ಮುಂದಿನ ಸಾಲಿನ ನನ್ನ ಕುರ್ಚಿಯಲ್ಲಿ ಕುಳಿತೆ. ಅಧ್ಯಕ್ಷರ ಭಾಷಣ ನಿಂತಿತು. ಮೈಕು ಬಾಯಿಯ ಹತ್ತಿರವೇ ಇದ್ದದ್ದು ಅವರಿಗೆ ಮರೆತುಹೋಗಿರಬೇಕು.

"ಎಂತಾಯ್ತು ಮೇಡಂ?"

"ಏನೂ ಆಗ್ಲಿಲ್ಲ," ಎಂದೆ. "ಆಗದ ಹಾಗೆ ಮಾಡಿ ಬಂದೆ. ನೀವು ಮಾತಾಡಿ."